ಲ್ಯಾಪರೋಸ್ಕೋಪಿ ಆದ ಮೇಲೆ ಅಮ್ಮ ಮಲಗಿಯೇ ಇರಬೇಕಾ?

ಅಮ್ಮನಿಗೆ ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಗರ್ಭಕೋಶ ತೆಗೆಸಿ ನಾಲ್ಕು ದಿನ ಆಯ್ತು, ಡಾಕ್ಟರ್ ನಡೆಯಿರಿ ಅಂತಾರೆ, ಅಜ್ಜಿ ಬಾಣಂತಿ ಥರ ಮಲಗಿಸಿ ಅಂತಾರೆ ಅಂತ ಬರೆದಿದ್ದೀರಿ. ಇಲ್ಲಿ ಡಾಕ್ಟರ್ ಮಾತೇ ಸರಿ. ಅಜ್ಜಿಯದು ಪ್ರೀತಿ, ಒಪ್ಪುತ್ತೇನೆ. ಆದರೆ ಸುಮ್ನೆ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟಬಹುದು.

ಹೊಟ್ಟೆ ಕೊಯ್ದು ಮಾಡುವ ಆಪರೇಷನ್‌ಗಿಂತ ಇದರಲ್ಲಿ ಅಪಾಯ ಕಡಿಮೆ, ನಿಜ. ಪೂರ್ತಿ ಇಲ್ಲ ಅಂತಲ್ಲ. ಆಪರೇಷನ್ ವೇಳೆ ಹೊಟ್ಟೆಗೆ ಗ್ಯಾಸ್ ತುಂಬುತ್ತಾರಲ್ವಾ, ಆ ಒತ್ತಡಕ್ಕೂ ಕಾಲಿನಿಂದ ರಕ್ತ ಮೇಲೇರುವುದು ನಿಧಾನವಾಗುತ್ತದೆ.

ಗಂಟೆಗೊಮ್ಮೆ ಮನೆಯೊಳಗೇ ಸ್ವಲ್ಪ ನಡೆಸಿ. ಮಲಗಿದ್ದಾಗ ಪಾದ ಮೇಲೆ ಕೆಳಗೆ ಆಡಿಸಲಿ. ನೀರು ಚೆನ್ನಾಗಿ ಕುಡಿಯಲಿ. ಬಿಗಿ ಸಾಕ್ಸ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಇಂಜೆಕ್ಷನ್ ಎಲ್ಲರಿಗೂ ಬೇಕಾಗಲ್ಲ. ಹಿಂದೆ ಹೆಪ್ಪುಗಟ್ಟಿದ್ದರೆ, ಕ್ಯಾನ್ಸರ್ ಇದ್ದರೆ, ತೂಕ ಜಾಸ್ತಿ ಇದ್ದರೆ, ಹಾರ್ಮೋನ್ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಈಗಲೇ ಹೇಳಿ. ಇಂಜೆಕ್ಷನ್ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ.

ಒಂದೇ ಕಾಲು ಊದಿ ನೋವು ಬಂದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, 108ಕ್ಕೆ ಫೋನ್ ಮಾಡಿ. ಮನೆಗೆ ಬಂದು ಕೆಲವು ವಾರ ಆದ ಮೇಲೂ ಹೀಗಾಗಬಹುದು.