ವಿಂಡೋಸ್ ಬಿಟ್ಟಾಯಿತು, ಬೆರಳು ಇನ್ನೂ ಅಲ್ಲೇ ಇದೆ

ಪ್ರಶ್ನೆ: ನನಗೆ 67 ವರ್ಷ. ಮುಂಬಯಿಯ ಫೋರ್ಟ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತನಾದೆ. ಈಗ ಡೊಂಬಿವಲಿಯಲ್ಲಿ ಮಗನ ಜೊತೆ ಇದ್ದೇನೆ. ನಮ್ಮ ಕನ್ನಡ ಸಂಘದ ತ್ರೈಮಾಸಿಕ ಪತ್ರಿಕೆಗೆ 18 ವರ್ಷಗಳಿಂದ ನಾನೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುತ್ತೇನೆ. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತು, ಈ ಕಂಪ್ಯೂಟರಿಗೆ 11 ಹಾಕಲು ಬರುವುದಿಲ್ಲ ಎಂದು ಮಗ ಹೊಸ ಡಿಸ್ಕ್ ತಂದು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿಕೊಟ್ಟ. ಹಳೆಯ ಡಿಸ್ಕ್ ಕಪಾಟಿನಲ್ಲಿದೆ. ಎರಡು ವಾರವಾಯಿತು. ಸಿ ಡ್ರೈವ್ ಕಾಣುವುದಿಲ್ಲ, ನುಡಿ ಇಲ್ಲ, ಹಳೆಯ ಲೇಖನ ತೆರೆದರೆ ಒಂದಕ್ಷರವೂ ಓದಲು ಆಗುವುದಿಲ್ಲ. ಮುಂದಿನ ಸಂಚಿಕೆ ಅರ್ಧಕ್ಕೆ ನಿಂತಿದೆ. ಈ ವಯಸ್ಸಿನಲ್ಲಿ ಇನ್ನು ಕಲಿಯಲು ಆಗದೇನೋ ಅನಿಸುತ್ತಿದೆ. ವಾಪಸ್ ಹೋಗಿಬಿಡಲೇ?

ಉತ್ತರ: ವಾಪಸ್ ಹೋಗಬೇಡಿ. ಆದರೆ ಹಳೆಯ ಡಿಸ್ಕನ್ನು ಮಾತ್ರ ಯಾರಿಗೂ ಕೊಡಬೇಡಿ, ಅಳಿಸಲೂ ಬೇಡಿ. ಅದು ಏಕೆಂದು ಮುಂದೆ ಹೇಳುತ್ತೇನೆ.

ಮೊದಲು ವಯಸ್ಸಿನ ಮಾತು. ನೀವು ಡೊಂಬಿವಲಿಯವರು, ದಾದರ್ ಸ್ಟೇಷನ್ ನಿಮಗೆ ಮನೆಯಂಗಳದಷ್ಟು ಪರಿಚಯ. 2023ರ ಡಿಸೆಂಬರಿನಲ್ಲಿ ಅಲ್ಲಿ ಸೆಂಟ್ರಲ್ ಕಡೆಯ ಪ್ಲಾಟ್‌ಫಾರಂಗಳಿಗೆ 8ರಿಂದ 14ರವರೆಗೆ ಹೊಸ ನಂಬರ್ ಕೊಟ್ಟರಲ್ಲ, ಆ ದಿನಗಳನ್ನು ನೆನಪಿಸಿಕೊಳ್ಳಿ. ಹಳಿ ಅದೇ, ಲೋಕಲ್ ಅದೇ. ಬೋರ್ಡ್ ಓದಿ ಅರ್ಥ ಮಾಡಿಕೊಳ್ಳಲು ಒಂದು ನಿಮಿಷ ಸಾಕಿತ್ತು. ಆದರೂ ಇಪ್ಪತ್ತೈದರ ಹುಡುಗರೂ ನಿಂತು ನಿಂತು ಬೋರ್ಡ್ ನೋಡುತ್ತಿದ್ದರು. ತಲೆಗೆ ತಿಳಿದದ್ದು ಕಾಲಿಗೆ ತಿಳಿಯಲು ಕೆಲವು ದಿನ ಬೇಕಾಯಿತು. ನಿಮಗೆ ಈಗ ಆಗುತ್ತಿರುವುದೂ ಅಷ್ಟೇ. 18 ವರ್ಷದ ಅಭ್ಯಾಸ ನಿಮ್ಮ ಬೆರಳಿನಲ್ಲಿದೆ. ನಾನು ಮೊದಲ ಸಲ ಲಿನಕ್ಸ್‌ಗೆ ಬಂದಾಗ ನನಗೆ ಮೂವತ್ತೊಂದು ವರ್ಷ. ಆಗಲೂ ಒಂದು ತಿಂಗಳು ಕೈ ತಡವರಿಸುತ್ತಲೇ ಇತ್ತು.

ಮಗ ಮಾಡಿದ್ದು ಸರಿಯಾದ ಕೆಲಸ. ವಿಂಡೋಸ್ 10ಕ್ಕೆ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ರಂದು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ 8ನೇ ಪೀಳಿಗೆಯದೋ ಅದಕ್ಕಿಂತ ಹೊಸದೋ ಆಗಿರಬೇಕು. ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಕಂಪ್ಯೂಟರ್‌ಗಳು ಈ ಒಂದು ಕಾರಣಕ್ಕೆ ಹೊರಗುಳಿದವು. ಅಂಥ ಯಂತ್ರಕ್ಕೆ ಮಿಂಟ್ ಒಳ್ಳೆಯ ಆಯ್ಕೆ. ಮಗ ಹಾಕಿರುವುದು ಮಿಂಟ್ 22 ಆಗಿದ್ದರೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ಸಿ ಡ್ರೈವ್ ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. ಲಿನಕ್ಸ್‌ನಲ್ಲಿ ಸಿ, ಡಿ ಎಂಬ ಲೆಕ್ಕವೇ ಇಲ್ಲ. ಎಲ್ಲವೂ ಒಂದೇ ಮರದ ಕೊಂಬೆಗಳು. ಪೆನ್‌ಡ್ರೈವ್ ಹಾಕಿದರೆ ಅದೂ ಇನ್ನೊಂದು ಕೊಂಬೆಯಾಗಿ ಸೇರಿಕೊಳ್ಳುತ್ತದೆ. ನೀವು ಅಷ್ಟೆಲ್ಲ ತಿಳಿಯಬೇಕಾಗಿಲ್ಲ. ‘ಹೋಮ್’ ಎಂಬ ಫೋಲ್ಡರ್ ನಿಮ್ಮದು. ಅದರೊಳಗೆ ಡಾಕ್ಯುಮೆಂಟ್ಸ್, ಅದರೊಳಗೆ ಸಂಘದ ಹೆಸರಿನ ಒಂದು ಫೋಲ್ಡರ್. ಅದರಿಂದಾಚೆಗೆ ಕಾಲಿಡುವ ಅಗತ್ಯ ನಿಮಗಿಲ್ಲ. ಒಂದು ಎಚ್ಚರಿಕೆ: ಇಲ್ಲಿ ಇಂಗ್ಲಿಷ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಹೆಸರಿನ ಒಂದು ಅಕ್ಷರ ದೊಡ್ಡದಾದರೂ ಅದು ಇನ್ನೊಂದು ಫೈಲ್ ಆಗಿಬಿಡುತ್ತದೆ.

ಇನ್ನು ನಿಜವಾದ ಕಷ್ಟಕ್ಕೆ ಬರೋಣ. ಅದು ಕನ್ನಡದ್ದು.

ನಿಮ್ಮ ಹಳೆಯ ಲೇಖನಗಳು ಹಾಳಾಗಿಲ್ಲ. ಮೊದಲಿನ ನುಡಿ, ಬರಹ ತಂತ್ರಾಂಶಗಳಲ್ಲಿ ನಾವು ‘ಕ’ ಎಂದು ಒತ್ತಿದರೆ ಫೈಲ್‌ನೊಳಗೆ ‘ಕ’ ಸೇರುತ್ತಿರಲಿಲ್ಲ. ಇಂಗ್ಲಿಷಿನ ಯಾವುದೋ ಅಕ್ಷರದ, ಚಿಹ್ನೆಯ ಕೋಡ್ ಸೇರುತ್ತಿತ್ತು. ಆ ಚಿಹ್ನೆಗೆ ಕನ್ನಡದ ವೇಷ ತೊಡಿಸುತ್ತಿದ್ದದ್ದು ಫಾಂಟ್. ಹೊಸ ಡಿಸ್ಕಿನಲ್ಲಿ ಆ ಫಾಂಟ್ ಇಲ್ಲ, ಅದಕ್ಕೇ ತಲೆ ಮೇಲೆ ಗೆರೆ ಚುಕ್ಕೆ ಇರುವ ಇಂಗ್ಲಿಷ್ ಗೋಜಲು ಕಾಣುತ್ತಿದೆ. ಹಳೆಯ ಡಿಸ್ಕಿನಲ್ಲಿ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಅಲ್ಲಿ ನುಡಿ ಹೆಸರಿನ ಫೈಲ್‌ಗಳು ಸಿಗುತ್ತವೆ. ಅವನ್ನು ಮಗನಿಂದ ಕಾಪಿ ಮಾಡಿಸಿ, ಮಿಂಟ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಹಳೆಯ ಸಂಚಿಕೆಗಳು ಮತ್ತೆ ಕನ್ನಡದಲ್ಲಿ ಕಾಣುತ್ತವೆ. ಡಿಸ್ಕ್ ಅಳಿಸಬೇಡಿ ಎಂದದ್ದು ಇದಕ್ಕೇ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ವರ್ಷಕ್ಕೆ ನಾಲ್ಕರಂತೆ 18 ವರ್ಷಕ್ಕೆ 72 ಸಂಚಿಕೆ. ಮುಂಬಯಿಯಲ್ಲಿ ಕನ್ನಡಿಗರು ಹೇಗೆ ಬದುಕಿದರು, ಯಾರು ನಾಟಕ ಆಡಿಸಿದರು, ಯಾವ ಹಿರಿಯರು ಯಾವಾಗ ತೀರಿಕೊಂಡರು ಎಂಬುದೆಲ್ಲ ಅದರಲ್ಲಿದೆ, ಅಲ್ವಾ? ಅಷ್ಟೂ ಒಂದು ಫಾಂಟಿನ ದಯೆಯಲ್ಲಿ ಉಳಿದಿದೆ. ಫಾಂಟ್ ಕಳೆದರೆ ಮಾತೂ ಕಳೆಯಿತು. ಫಾಂಟ್ ಇದ್ದರೂ ಅದರಲ್ಲಿ ಒಂದು ಹೆಸರನ್ನು, ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಕೋಡ್ ಕೊಡುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಪಾಲಿಗೆ ಅದು ಕನ್ನಡವೇ ಅಲ್ಲ. ಯೂನಿಕೋಡ್‌ನಲ್ಲಿ ‘ಕ’ ಎಂದರೆ ‘ಕ’ ಮಾತ್ರ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಮೊಮ್ಮಗಳ ಫೋನ್ ಇರಲಿ, ಎಲ್ಲ ಕಡೆಯೂ ಓದಬಹುದು. ಕನ್ನಡಕ್ಕೆ ಅದರಲ್ಲಿ 1991ರಿಂದಲೇ ಜಾಗವಿದೆ.

ಹಳೆಯದನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪಠ್ಯ ಕಾಪಿ ಮಾಡಿ ಹಾಕಿದರೆ ಸಾಕು. ಇಲ್ಲಿ ನನ್ನ ಅನುಭವದ ಮಾತು ಕೇಳಿ. ಇಡೀ ಫೈಲ್ ಒಟ್ಟಿಗೆ ಹಾಕಬೇಡಿ. ನಡುವೆ ಇಂಗ್ಲಿಷ್ ಪದ, ಇಮೇಲ್ ವಿಳಾಸ ಇದ್ದರೆ ಪರಿವರ್ತಕ ಅದನ್ನೂ ಕನ್ನಡವೆಂದು ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಒಂದೊಂದೇ ಲೇಖನ ಹಾಕಿ. ಬಂದದ್ದನ್ನು ಒಮ್ಮೆ ಓದಿ ನೋಡಿ, ಅದರಲ್ಲೂ ಅರ್ಕಾವತ್ತು ಮತ್ತು ಎರಡು ಒತ್ತು ಬರುವ ಪದಗಳನ್ನು. ತಪ್ಪು ಜಾಸ್ತಿ ಕಾಣುವುದು ಅಲ್ಲೇ. ಮೂಲ ಫೈಲನ್ನು ಮುಟ್ಟಬೇಡಿ, ಹೊಸದನ್ನು ಬೇರೆ ಹೆಸರಿನಲ್ಲಿ ಇಡಿ. ವಾರಕ್ಕೆ ಎರಡು ಸಂಚಿಕೆ ಮಾಡಿದರೂ ಒಂಬತ್ತು ತಿಂಗಳಲ್ಲಿ ಮುಗಿಯುತ್ತದೆ. ಸಂಘದ ಹುಡುಗರಿಬ್ಬರು ಕೈಜೋಡಿಸಿದರೆ ಇನ್ನೂ ಬೇಗ.

ಹೊಸದಾಗಿ ಟೈಪ್ ಮಾಡುವುದು ಹೇಗೆ? ನುಡಿ ಇಲ್ಲ ಎಂದು ಬೇಜಾರು ಬೇಡ. ನೀವು ಕಲಿತದ್ದು ಕಗಪ ಕೀಲಿಮಣೆ, ಅದು ಲಿನಕ್ಸ್‌ನಲ್ಲೂ ಇದೆ. ಆ ಜೋಡಣೆಯ ಮೂಲ ಕೆ.ಪಿ. ರಾಯರದು. ಅವರೂ ಮುಂಬಯಿಯಲ್ಲಿ ಕೆಲಸ ಮಾಡಿದವರು, ನಮಗೆಲ್ಲ ಅದೊಂದು ಹೆಮ್ಮೆ. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಹುಡುಕಿದರೆ ‘ಕಗಪ’ ನೇರವಾಗಿಯೇ ಸಿಗುತ್ತದೆ. ಆದರೆ ಅದರಲ್ಲಿ ಅ, ಆ, ಇ ಎಂಬ ಬಿಡಿ ಸ್ವರಗಳಿಗೆ ಬಲಗಡೆಯ ಆಲ್ಟ್ ಕೀ ಜೊತೆಗೆ ಒತ್ತಬೇಕು. ನಿಮ್ಮ ಕೈಗೆ ಅದು ಹೊಂದುವುದಿಲ್ಲ. ಬದಲಿಗೆ ಮಗನಿಗೆ, ಕನ್ನಡದಂಥ ಭಾಷೆ ಟೈಪ್ ಮಾಡಲು ನೆರವಾಗುವ ‘ಐಬಸ್’ ಮತ್ತು ‘ಎಂ17ಎನ್’ ಎರಡನ್ನೂ ಹಾಕಲು ಹೇಳಿ. ಅದರ ಕನ್ನಡ ಪಟ್ಟಿಯಲ್ಲಿ ‘ಕೆಜಿಪಿ’ ಎಂದು ಒಂದಿದೆ. ಅಲ್ಲಿ ಪದದ ಮೊದಲಿಗೆ ಸ್ವರ ಒತ್ತಿದರೆ ಸ್ವರ, ವ್ಯಂಜನದ ನಂತರ ಒತ್ತಿದರೆ ಕಾಗುಣಿತ. ಒತ್ತಕ್ಷರಕ್ಕೆ ನಿಮ್ಮ ಹಳೆಯ ಎಫ್ ಕೀಯೇ. ಒಂದು ಸಲ ಲಾಗ್ ಔಟ್ ಆಗಿ ಬಂದ ಮೇಲೆ ಒಂದು ಪುಟ ಸುಮ್ನೆ ಟೈಪ್ ಮಾಡಿ ನೋಡಿ. ಬೆರಳಿಗೆ ಗುರುತು ಸಿಗುತ್ತದೆ.

ಬರೆಯಲು ವರ್ಡ್ ಬದಲು ಲಿಬ್ರೆಆಫೀಸ್ ರೈಟರ್ ಇದೆ. ಕಾಪಿ, ಪೇಸ್ಟ್, ಸೇವ್, ಅನ್‌ಡೂ ಎಲ್ಲದಕ್ಕೂ ಕಂಟ್ರೋಲ್ ಜೊತೆಗಿನ ಹಳೆಯ ಅಕ್ಷರಗಳೇ. ಅಲ್ಲಿ ಹೊಸದಾಗಿ ಕಲಿಯಲು ಏನೂ ಇಲ್ಲ. ಒಂದೇ ಒಂದು ವಿಷಯ ನಿಮ್ಮನ್ನು ಗಾಬರಿ ಮಾಡಬಹುದು. ಲಿನಕ್ಸ್‌ನಲ್ಲಿ ಮೌಸಿನ ಚಕ್ರವನ್ನು ಒತ್ತಿದರೆ, ನೀವು ಕೊನೆಗೆ ಆಯ್ದ ಪಠ್ಯ ಅಲ್ಲೇ ಅಂಟಿಕೊಳ್ಳುತ್ತದೆ. ಕಾಪಿ ಮಾಡದಿದ್ದರೂ ಅಂಟುತ್ತದೆ. ಲೇಖನದ ನಡುವೆ ಎಲ್ಲಿಂದಲೋ ಒಂದು ಸಾಲು ಬಂದು ಕೂತಿದ್ದರೆ ಕಾರಣ ಇದೇ. ಕಂಟ್ರೋಲ್ ಮತ್ತು ಝಡ್ ಒತ್ತಿ, ಹೋಗುತ್ತದೆ.

ಇನ್ನೊಂದು, ವಿಂಡೋಸ್‌ನ ‘ತುಂಗಾ’, ‘ನಿರ್ಮಲಾ’ ಫಾಂಟ್‌ಗಳು ಮಿಂಟ್‌ನಲ್ಲಿ ಇಲ್ಲ. ‘ನೋಟೋ ಸಾನ್ಸ್ ಕನ್ನಡ’ ಇದೆ, ‘ಗುಬ್ಬಿ’, ‘ನವಿಲು’ ಹಾಕಿಕೊಳ್ಳಬಹುದು. ಫಾಂಟ್ ಬದಲಾದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ, 32 ಪುಟದ ಸಂಚಿಕೆ 34 ಆಗಬಹುದು. ಆದ್ದರಿಂದ ಸಂಪಾದಕರಿಗೆ ತೋರಿಸುವಾಗ ಪಿಡಿಎಫ್ ಕಳಿಸಿ. ಪ್ರೆಸ್ಸಿನವರಿಗೆ ಫೋನ್ ಮಾಡಿ ಯೂನಿಕೋಡ್ ಆಗುತ್ತದೆಯೇ ಎಂದು ಇವತ್ತೇ ಕೇಳಿಬಿಡಿ. ಹಳೆಯ ಪೇಜ್‌ಮೇಕರ್‌ನಲ್ಲೇ ಪುಟ ಕಟ್ಟುವವರಾದರೆ ಆಗದು. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಇನ್‌ಡಿಸೈನ್ ಇದ್ದರೆ, ಅದರಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿದರೆ ಕನ್ನಡ ಯೂನಿಕೋಡ್ ಸರಿಯಾಗಿ ಕೂರುತ್ತದೆ. ಈ ಮಾತನ್ನು ಅವರಿಗೆ ತಿಳಿಸಿ, ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಅರ್ಧಕ್ಕೆ ನಿಂತ ಸಂಚಿಕೆಯನ್ನು ಮಾತ್ರ ಹೊಸ ಯಂತ್ರದಲ್ಲಿ ಮುಗಿಸಲು ಹೋಗಬೇಡಿ. ಗಡುವಿನ ಒತ್ತಡದಲ್ಲಿ ಯಾರೂ ಹೊಸದನ್ನು ಕಲಿಯಲಾರರು. ಹಳೆಯ ಡಿಸ್ಕ್ ಜೋಡಿಸಿ, ಇಂಟರ್‌ನೆಟ್ ತೆಗೆದು, ಅದರಲ್ಲೇ ಈ ಸಂಚಿಕೆ ಮುಗಿಸಿ ಕೊಟ್ಟುಬಿಡಿ. ಆಮೇಲೆ ಮೂರು ತಿಂಗಳು ನಿಮ್ಮದೇ. ದಿನಾ ಬೆಳಗ್ಗೆ ಅರ್ಧ ಗಂಟೆ ಮಿಂಟ್‌ನಲ್ಲಿ ಕೂತುಕೊಳ್ಳಿ. ಎಲ್ಲಿ ಸಿಕ್ಕಿಬಿದ್ದಿರೋ ಅದನ್ನು ಪುಸ್ತಕದಲ್ಲಿ ಬರೆದಿಡಿ. ಸಂಜೆ ಮಗ ಬಂದಾಗ ಅಷ್ಟನ್ನೂ ಒಟ್ಟಿಗೆ ಕೇಳಿ. ಲೋಕಲ್‌ನಲ್ಲಿ ನಿಂತು ಬಂದವನಿಗೆ ಫೋನಿನಲ್ಲಿ ಹತ್ತು ಸಲ ಉತ್ತರ ಹೇಳುವುದಕ್ಕಿಂತ ಅದು ಸುಲಭ.

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿ ಹೊಸ ಕೆಲಸಕ್ಕೆ ಸೇರಿದ್ದೇನೆ. ಕಚೇರಿಯಿಂದ ಮ್ಯಾಕ್ ಕೊಟ್ಟಿದ್ದಾರೆ. ಇಷ್ಟು ದಿನ ವಿಂಡೋಸ್ ಬಳಸಿದವಳು. ಫೈಲ್ ತೆರೆಯಲು ಎಂಟರ್ ಒತ್ತಿದರೆ ಹೆಸರು ಬದಲಿಸಲು ಕೇಳುತ್ತದೆ, ಕಟ್ ಆಗುವುದಿಲ್ಲ, ಸ್ಕ್ರೋಲ್ ಉಲ್ಟಾ. ಮೀಟಿಂಗ್‌ನಲ್ಲಿ ಸ್ಕ್ರೀನ್ ಶೇರ್ ಮಾಡಲು ಮುಜುಗರ.

ಉತ್ತರ: ಮುಜುಗರ ಬೇಡ ತಂಗಿ, ಈ ಮೂರರಲ್ಲೂ ತಪ್ಪು ನಿಮ್ಮದಲ್ಲ. ಮ್ಯಾಕ್‌ನ ರೂಢಿಯೇ ಬೇರೆ. ಫೈಲ್ ತೆರೆಯಲು ಕಮಾಂಡ್ ಜೊತೆ ಓ. ಜಾಗ ಬದಲಿಸಲು ಮೊದಲು ಕಮಾಂಡ್ ಜೊತೆ ಸಿ ಒತ್ತಿ ಕಾಪಿ ಮಾಡಿ. ಹೋಗಬೇಕಾದ ಫೋಲ್ಡರಿನಲ್ಲಿ ಆಪ್ಷನ್, ಕಮಾಂಡ್ ಎರಡನ್ನೂ ಹಿಡಿದು ವಿ ಒತ್ತಿ. ಅಂದರೆ ಕತ್ತರಿಸುವ ತೀರ್ಮಾನ ಕೊನೆಗೆ ಆಗುತ್ತದೆ. ನನಗೆ ಇದೇ ಹೆಚ್ಚು ಸುರಕ್ಷಿತ ಅನಿಸುತ್ತದೆ. ಸ್ಕ್ರೋಲ್ ದಿಕ್ಕು ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ‘ನ್ಯಾಚುರಲ್ ಸ್ಕ್ರೋಲಿಂಗ್’ ಎಂಬಲ್ಲಿ ಬದಲಾಗುತ್ತದೆ. 2011ರಿಂದ ಅದು ಹಾಗೇ ಬರುತ್ತಿದೆ, ಬೇಡವಾದವರು ತೆಗೆಯಬಹುದು.

ಕಂಟ್ರೋಲ್ ಮತ್ತು ಕಮಾಂಡ್ ಕೀಗಳನ್ನು ಅದಲು ಬದಲು ಮಾಡುವ ಸೌಲಭ್ಯವೂ ಅಲ್ಲೇ ಇದೆ. ಮನೆಯಲ್ಲಿ ಇನ್ನೂ ವಿಂಡೋಸ್ ಇದ್ದರೆ ಮಾತ್ರ ಅದನ್ನು ಮಾಡಿಕೊಳ್ಳಿ. ಇಲ್ಲದಿದ್ದರೆ ಹೆಬ್ಬೆರಳಿಗೆ ಕಮಾಂಡ್ ಕೀ ಕಲಿಸುವುದೇ ಒಳ್ಳೆಯದು, ಹತ್ತು ದಿನದಲ್ಲಿ ಕೂರುತ್ತದೆ. ಮೇಲಿನ ಕೆಂಪು ಗುಂಡಿ ಒತ್ತಿದರೆ ಸಾಮಾನ್ಯವಾಗಿ ಕಿಟಕಿ ಮುಚ್ಚುತ್ತದೆ, ಪ್ರೋಗ್ರಾಂ ಒಳಗೆ ನಡೆಯುತ್ತಲೇ ಇರುತ್ತದೆ. ಪೂರ್ತಿ ನಿಲ್ಲಿಸಲು ಕಮಾಂಡ್ ಜೊತೆ ಕ್ಯೂ.

ಪ್ರಶ್ನೆ: ಗೋವಾದ ವಾಸ್ಕೋದಿಂದ. ಹಳೆಯ ವಿಂಡೋಸ್ ಲ್ಯಾಪ್‌ಟಾಪಿನ ಫೋಟೋಗಳಿರುವ ಹಾರ್ಡ್‌ಡಿಸ್ಕ್ ಮ್ಯಾಕ್‌ನಲ್ಲಿ ತೆರೆಯುತ್ತದೆ. ಆದರೆ ಹೊಸ ಫೋಟೋ ಹಾಕಲು ಬಿಡುವುದಿಲ್ಲ. ಡಿಸ್ಕ್ ಕೆಟ್ಟಿದೆಯೇ?

ಉತ್ತರ: ಇರಲಾರದು. ಡಿಸ್ಕ್, ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮಾದರಿಯಲ್ಲಿರಬೇಕು. ಮ್ಯಾಕ್ ಅದನ್ನು ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಎರಡೂ ಕಡೆ ನಡೆಯಬೇಕಾದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬೇಕು. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿ ದಾಟಿದ ವಿಡಿಯೋ ಹಿಡಿಸುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿದ್ದದ್ದೆಲ್ಲ ಅಳಿಸುತ್ತದೆ. ಆದ್ದರಿಂದ ಮೊದಲು ಫೋಟೋಗಳನ್ನೆಲ್ಲ ಇನ್ನೊಂದು ಕಡೆ ಕಾಪಿ ಮಾಡಿ, ನಾಲ್ಕಾರನ್ನು ತೆರೆದು ನೋಡಿ, ಆಮೇಲೆ ಕೈಹಾಕಿ.