ಸುರಂಗ ಬಾವಡಿಯೊಳಗೆ ಇಳಿಯಬಹುದಾ?

ವಿಜಯಪುರದ ಸುರಂಗ ಬಾವಡಿಯೊಳಗೆ ಟಾರ್ಚ್ ಹಿಡಿದು ಒಬ್ಬರೇ ಹೋಗಬಹುದಾ ಅಂತ ಕೇಳಿದ್ದೀರಿ. ಬೇಡ ರೀ. ಅದು ಓಡಾಡಲು ಮಾಡಿದ ದಾರಿ ಅಲ್ಲ, ಆದಿಲಶಾಹಿ ಕಾಲದಲ್ಲಿ ಪಕ್ಕದ ತೊರವಿ ಹಳ್ಳಿ ಕಡೆಯಿಂದ ಊರಿಗೆ ನೀರು ತರಲು ನೆಲದಡಿ ಕೊರೆದ ಕಾಲುವೆ. ಅಲ್ಲಲ್ಲಿ ಮೇಲಿಂದ ಗಾಳಿಬಾವಿ ತೋಡಿದ್ದಾರೆ. ಅವು ಹೂಳು, ಕಸ ತುಂಬಿ ಮುಚ್ಚಿದ ಕಡೆ ಒಳಗೆ ಗಾಳಿ ಆಡುವುದಿಲ್ಲ. ಟಾರ್ಚ್ ಉರಿಯುತ್ತಲೇ ಇರುತ್ತದೆ, ತಲೆ ಸುತ್ತುವುದು ನಿಮಗೆ!

ಮೇಲಿನಿಂದಲೇ ಆ ಬಾವಿಗಳ ಸಾಲು ಹಿಡಿದು ನಡೆಯಿರಿ, ಸುರಂಗ ಎತ್ತ ಹೋಗಿದೆ ಅಂತ ಗೊತ್ತಾಗುತ್ತದೆ. ಅಂಚಿಗೆ ಮಾತ್ರ ಹೋಗಬೇಡಿ, ಹುಲ್ಲು ಬೆಳೆದಿದ್ದರೆ ಬಾಯಿ ಕಾಣುವುದಿಲ್ಲ.

ಪಾಳು ಕಟ್ಟಡ ಬೇಕೆಂದರೆ ಅಲ್ಲೇ ತೊರವಿಯಲ್ಲಿ ಸಂಗೀತ ಮಹಲ್ ಇದೆ, ಆದಿಲಶಾಹಿ ಸುಲ್ತಾನ ಎರಡನೇ ಇಬ್ರಾಹಿಂ 1599ರಲ್ಲಿ ಕಟ್ಟಲು ಹಿಡಿದ ನವರಸಪುರದ ಉಳಿಕೆ. 1624ರಲ್ಲಿ ಅಹಮದ್‌ನಗರದ ಸೇನಾನಿ ಮಲಿಕ್ ಅಂಬರ್ ಆ ಊರನ್ನು ಹಾಳುಗೆಡವಿದ. ಗೋಳಗುಮ್ಮಟದ ಗದ್ದಲಕ್ಕಿಂತ ನನಗಂತೂ ಇದೇ ಇಷ್ಟ. ಬೆಳಿಗ್ಗೆ ಬೇಗ ಹೋಗಿ, ಬಿಸಿಲು ಜಾಸ್ತಿ.