ಪೀಟರ್ ಗ್ರೀನ್ ಗಿಟಾರಿನ ಆ ಮೂಗುದನಿ

ಪ್ರಶ್ನೆ: ಬ್ರಿಟಿಷ್ ಬ್ಲೂಸ್ ಸಂಗೀತಗಾರ ಜಾನ್ ಮೇಯಲ್ ತಂಡಕ್ಕೆ ಎರಿಕ್ ಕ್ಲಾಪ್ಟನ್ ನಂತರ ಬಂದ ಪೀಟರ್ ಗ್ರೀನ್ ಅವರ ಗಿಟಾರ್ ಕೆಲವೊಮ್ಮೆ ಮೂಗಿನಿಂದ ಹಾಡಿದ ಹಾಗೆ ಕೇಳುತ್ತದೆ. ನನ್ನ ಲೆಸ್ ಪಾಲ್ (ಗಿಬ್ಸನ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್) ಮಾದರಿಯ ಗಿಟಾರಿನಲ್ಲಿ ಅದು ಬರುತ್ತದೆಯೇ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಖಂಡಿತ ಬರುತ್ತದೆ. ಗ್ರೀನ್ 1966ರಲ್ಲಿ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್ ಸೇರಿ, 1967ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ತಂಡ ಕಟ್ಟಿದರು. ಅವರ 1959ರ ಲೆಸ್ ಪಾಲ್‌ನ ಕತ್ತಿನ ಬದಿಯಲ್ಲಿದ್ದು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ನೆಕ್ ಪಿಕಪ್‌ನಲ್ಲಿ ಅಯಸ್ಕಾಂತ ತಿರುವುಮುರುವಾಗಿತ್ತು. ಪಿಕಪ್ ಆರಿಸುವ ಸ್ವಿಚ್ ಮಧ್ಯದಲ್ಲಿದ್ದು ಎರಡೂ ಒಟ್ಟಿಗೆ ನುಡಿದಾಗ ಎರಡು ಪಿಕಪ್‌ಗಳ ದನಿ ಒಂದನ್ನೊಂದು ಕಳೆಯುತ್ತದೆ. ಮಂದ್ರ ಸೊರಗಿ ಟೊಳ್ಳು ನಾದ ಉಳಿಯುತ್ತದೆ.

ನಿಮ್ಮ ಪಿಕಪ್‌ಗೆ ನಾಲ್ಕು ಎಳೆ ತಂತಿಯಿದ್ದರೆ, ಒಂದೇ ಪಿಕಪ್‌ನ ಹಾಟ್ (ಸಂಕೇತ ಒಯ್ಯುವ) ಮತ್ತು ಗ್ರೌಂಡ್ (ಭೂಸಂಪರ್ಕದ) ಎಳೆಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿಸಿ. ಗದ್ದಲ ತಡೆಯುವ, ಹೊದಿಕೆಯಿಲ್ಲದ ಶೀಲ್ಡ್ ಎಳೆ ಗ್ರೌಂಡ್‌ನಲ್ಲೇ ಇರಲಿ. ಲೋಹದ ಹೆಣಿಗೆಯ ಹಳೇ ಮಾದರಿ ತಂತಿಯಾದರೆ ಹೀಗೆ ಮಾಡಲೇಬೇಡಿ: ಪಿಕಪ್‌ನ ಹೊರಕವಚವೇ ಹಾಟ್ ಆಗಿ, ಬೆರಳು ತಾಗಿದಾಗೆಲ್ಲ ಗುಂಯ್ ಎನ್ನುತ್ತದೆ. ಅಂಥದ್ದರಲ್ಲಿ ಅಯಸ್ಕಾಂತವನ್ನೇ ತಿರುಗಿಸಬೇಕು. ಇದನ್ನು ಪಳಗಿದ ರಿಪೇರಿಯವರಿಗೇ ಬಿಡಿ. ಪಿಕಪ್ ಒಳಗಿನ ಸುರುಳಿಯ ತಂತಿ ಕೂದಲಿಗಿಂತ ತೆಳು, ಹರಿದರೆ ಪಿಕಪ್ ಕೆಟ್ಟಂತೆಯೇ.

ಎರಡೂ ಪಿಕಪ್‌ಗಳ ವಾಲ್ಯೂಮ್ 10ರಲ್ಲಿದ್ದರೆ ದನಿ ತೀರಾ ಬಡಕಲು ಅನ್ನಿಸಬಹುದು. ಒಂದನ್ನು 8ಕ್ಕೆ ಇಳಿಸಿ, ಮೈ ತುಂಬಿಕೊಳ್ಳುತ್ತದೆ. ಆಂಪ್‌ನಲ್ಲಿ ಗೇನ್ (ದನಿಯನ್ನು ಒರಟಾಗಿಸುವ ಗುಂಡಿ) ಕಡಿಮೆಯಿರಲಿ. ಹೆಚ್ಚಿಸಿದರೆ ಈ ಸೂಕ್ಷ್ಮವೆಲ್ಲ ಮುಚ್ಚಿಹೋಗುತ್ತದೆ.